‘ಬಾ’ ಅನ್ನುವಾಗ ತುಟಿ ಮುಚ್ಚುತ್ತದೆ

— ದೊಡ್ಡಪ್ಪ, ಕಾಫಿ ಆರಿಹೋಗುತ್ತೆ, ಮೊದಲು ಕುಡಿಯಿರಿ. ಆಮೇಲೆ ಈ ಪಟ್ಟಿ ನೋಡಿ. ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಮಕ್ಕಳಿಗೆ ಕ್ವಿಜ್ ಇಟ್ಟಿದ್ದಾರೆ. ಹದಿನೈದು ಪ್ರಶ್ನೆ ನಾನು ಕೊಡಬೇಕು. ಚೆನ್ನೈಗೂ ಕನ್ನಡಕ್ಕೂ ನಂಟಿರಬೇಕು, ಯಾರಿಗೂ ಅಷ್ಟಾಗಿ ಗೊತ್ತಿರಬಾರದು. ಅದು ಅವರ ಷರತ್ತು.

— ನೀನೇ ಓದು. ಕನ್ನಡಕ ಒಳಗೆ ಬಿಟ್ಟು ಬಂದಿದ್ದೀನಿ.

— ಕನ್ನಡದ ಮೊದಲ ವಾಕ್ಚಿತ್ರ ಯಾವುದು?

— ‘ಸತಿ ಸುಲೋಚನ’, 1934. ಅದು ತಯಾರಾದದ್ದು ಕೊಲ್ಹಾಪುರದಲ್ಲಿ. ಈ ಊರಿಗೇನು ಬಂತು? ಮುಂದೆ ಹೋಗು.

— ಅಣ್ಣಾ ಸಾಲೈನ ಮನ್ರೋ ಪ್ರತಿಮೆಯಲ್ಲಿ ಕುದುರೆಗೆ ಏನು ಇಲ್ಲ?

— ಜೀನೂ ಇಲ್ಲ, ಕಾಲಿಡೋ ರಿಕಾಪೂ ಇಲ್ಲ. ಚಾಂಟ್ರಿ ಅನ್ನೋ ಶಿಲ್ಪಿ ಮಾಡಿದ್ದು, ಇಲ್ಲಿ ನಿಲ್ಲಿಸಿದ್ದು 1839ರಲ್ಲಿ. ಇದು ಈ ಊರಿನ ಆಟೋದವರಿಗೂ ಗೊತ್ತು ಪುಟ್ಟೀ. ಮಗು ಉತ್ತರ ಹೇಳುತ್ತೆ, ನೀನು ಹತ್ತು ಅಂಕ ಹಾಕ್ತೀಯ, ಅಲ್ಲಿಗೆ ಮುಗೀತು. ಕುದುರೆ ಬಿಟ್ಟು ಅದರ ಮೇಲೆ ಕೂತವನನ್ನ ಕೇಳು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಬಳ್ಳಾರಿ, ಕಡಪ ಸೀಮೆಗೆ ಕಲೆಕ್ಟರಾಗಿದ್ದ. ಡೇರೆ ಹಾಕಿಕೊಂಡು ಹಳ್ಳಿಹಳ್ಳಿ ಸುತ್ತಿ, ನಡುವಿನ ಪಾಳೇಗಾರರನ್ನ ಬಿಟ್ಟು ರೈತನ ಹತ್ತಿರವೇ ನೇರವಾಗಿ ಕಂದಾಯ ಗೊತ್ತುಮಾಡಿದ. ಆ ಸೀಮೆಯಲ್ಲಿ ಜನ ಮಕ್ಕಳಿಗೆ ಒಂದು ಹೆಸರು ಇಡೋಕೆ ಶುರುಮಾಡಿದರು. ಏನು ಹೆಸರು?

— ಗೊತ್ತಿಲ್ಲ.

— ಮನ್ರೋಲಪ್ಪ.

— ನಿಜವಾಗ್ಲೂ?

— ನಿಜವಾಗ್ಲೂ. ನೋಡು, ನಿನ್ನ ಮುಖ ಬದಲಾಯಿತು. ಸ್ಕಾಟ್ಲೆಂಡಿನ ಹೆಸರಿಗೆ ‘ಅಪ್ಪ’ ಸೇರಿಸಿ ತೊಟ್ಟಿಲಲ್ಲಿ ಕೂಗಿದ ತಾಯಿ ಯಾರು, ಯಾಕೆ ಕೂಗಿದಳು, ಹಾಗೆ ಕೂಗೋವಷ್ಟು ಕಂದಾಯದ ಕಾಟ ಮುಂಚೆ ಇತ್ತಾ ಅಂತ ಆ ಮಗು ಮನೆಗೆ ಹೋಗಿಯೂ ಕೇಳಬಹುದು. ನನಗೆ ಬೇಕಾದ್ದು ಅಂಥ ಪ್ರಶ್ನೆ.

— ಹಾಗಾದರೆ ಇದನ್ನ ಕೇಳಿ. ನನಗೇ ಇಷ್ಟವಾದದ್ದು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಡಬ್ ಆದ ಮೊದಲ ಚಿತ್ರ ಯಾವ ಭಾಷೆಯದು?

— ಹಾ! ಇದನ್ನ ಎಲ್ಲಿ ಹಿಡಿದೆ?

— ಹುಡುಕ್ತಾ ಹೋದೆ, ಸಿಕ್ಕಿತು. ಕನ್ನಡದ ‘ಸತ್ಯ ಹರಿಶ್ಚಂದ್ರ’. 1943ರಲ್ಲಿ ಕನ್ನಡದಲ್ಲಿ ಬಂತು, 1944ರಲ್ಲಿ ತಮಿಳು ಮಾತಾಡಿತು. ತಯಾರಿಸಿದವರು ಎ.ವಿ. ಮೆಯ್ಯಪ್ಪನ್, ಆಮೇಲೆ ಎವಿಎಂ ಸ್ಟುಡಿಯೋ ಕಟ್ಟಿದವರು.

— ನಿರ್ದೇಶನ ಆರ್. ನಾಗೇಂದ್ರರಾಯರದು. ಹರಿಶ್ಚಂದ್ರ ಸುಬ್ಬಯ್ಯನಾಯ್ಡು. ಇಬ್ಬರೂ ಸೇರಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಕಟ್ಟಿ ಊರೂರು ತಿರುಗಿದವರು. ‘ಸತಿ ಸುಲೋಚನ’ದ ಇಂದ್ರಜಿತು, ರಾವಣ ಇವರೇ. ಹರಿಶ್ಚಂದ್ರನ ಕಥೆಯನ್ನ ರಂಗದ ಮೇಲೆ ಅರೆದು ಕುಡಿದಿದ್ದರು. ಹಾಗಾಗಿ ಆ ಮಾತಿನ ವರಸೆ, ಆ ತುಟಿ, ಆ ಉಸಿರು ಎಲ್ಲಾ ಕನ್ನಡ ಕಂಪನಿ ನಾಟಕದ್ದು. ಅದರ ಮೇಲೆ ತಮಿಳು ಕೂರಿಸಬೇಕು. ಅದು ಎಂಥ ಕೆಲಸ ಅಂತ ನಿನಗೆ ಗೊತ್ತಾ?

— ನೀವು ಆ ಕೆಲಸವನ್ನೇ ಅಲ್ವಾ ಮಾಡಿದ್ದು.

— ಅದಕ್ಕೇ ಕೇಳ್ತಿದ್ದೀನಿ. ನಾನು ಕೋಡಂಬಾಕ್ಕಂಗೆ ಬಂದದ್ದು 1971ರಲ್ಲಿ. ಡಬ್ಬಿಂಗ್ ಥಿಯೇಟರಿನಲ್ಲಿ ಸಹಾಯಕ. ಒಂದೊಂದು ಮಾತಿಗೆ ಫಿಲಂ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಬಳೆ ಥರ ಮಾಡ್ತಿದ್ವಿ. ಅದಕ್ಕೆ ಲೂಪ್ ಅಂತ ಹೆಸರು. ಪ್ರೊಜೆಕ್ಟರಿಗೆ ಹಾಕಿದರೆ ಅದೇ ಮುಖ ಅದೇ ಮಾತನ್ನ ತಿರುಗಿ ತಿರುಗಿ ಆಡುತ್ತೆ. ಮೈಕಿನ ಮುಂದೆ ನಿಂತ ಕಲಾವಿದ ಅದನ್ನ ಹತ್ತು ಸಲ ನೋಡಿ, ಹನ್ನೊಂದನೇ ಸಲ ಬಾಯಿ ಬಿಡ್ತಾನೆ. ಹೊಂದಲಿಲ್ಲ ಅಂದರೆ ಮತ್ತೆ. ಒಂದು ಲೂಪಿಗೆ ಅರ್ಧ ದಿನ ಹೋದದ್ದೂ ಉಂಟು. ಹೊಂದಬೇಕಾದ್ದು ಏನು ಹೇಳು?

— ಮಾತಿನ ಉದ್ದ?

— ಉದ್ದ ಆಮೇಲೆ. ಮೊದಲು ತುಟಿ. ಪ, ಬ, ಮ — ಈ ಮೂರಕ್ಕೆ ತುಟಿ ಪೂರಾ ಮುಚ್ಚಲೇಬೇಕು. ಪರದೆ ಮೇಲೆ ತುಟಿ ಮುಚ್ಚಿದ ಕಡೆ ಕಿವಿಗೆ ‘ಅ’ ಕೇಳಿಸಿದರೆ ಹಳ್ಳಿಯ ಮುದುಕಿಯೂ ಹಿಡೀತಾಳೆ. ಈಗ ಕನ್ನಡ, ತಮಿಳು ಎರಡನ್ನೂ ಅಕ್ಕಪಕ್ಕ ಇಟ್ಟು ಬಾಯಾರೆ ಹೇಳಿ ನೋಡು. ನಾವು ‘ಬಾ’ ಅಂತೀವಿ, ತುಟಿ ಮುಚ್ಚುತ್ತೆ. ಅವರು?

— ‘ವಾ’. ಮುಚ್ಚೋದಿಲ್ಲ! ಹಲ್ಲು ತುಟಿಗೆ ತಾಗುತ್ತೆ, ಅಷ್ಟೇ.

— ಬಾಯಿಗೆ ‘ವಾಯ್’, ಬಿಲ್ಲಿಗೆ ‘ವಿಲ್’, ಬೇಡ ಅನ್ನೋದಕ್ಕೆ ‘ವೇಂಡಾಂ’. ನಾವು ಮುಚ್ಚಿದ ಕಡೆಯೆಲ್ಲಾ ಅವರು ತೆರೀತಾರೆ. ಈಗ ಹಾಲು ಅನ್ನು.

— ಹಾಲು, ‘ಪಾಲ್’. ಹೂವು, ‘ಪೂ’. ಹುಲಿ, ‘ಪುಲಿ’. ಅಯ್ಯೋ, ಇಲ್ಲಿ ತಿರುವುಮುರುವು. ನಾವು ತೆರೆದ ಕಡೆ ಅವರು ಮುಚ್ಚುತ್ತಾರೆ.

— ನಮ್ಮದೂ ಒಂದು ಕಾಲಕ್ಕೆ ‘ಪಾಲ್’ ಆಗಿತ್ತು ತಾಯಿ. ಪಂಪನ ಕಾಲದಲ್ಲಿ ‘ಪೂ’ ಅಂತಲೇ ಬರೆದರು. ಆಮೇಲೆ ನಮ್ಮ ‘ಪ’ ಸಡಿಲಿ ‘ಹ’ ಆಯಿತು. ಹಾಲು ಅಂದ ತುಟಿಗೆ ‘ಪಾಲ್’ ಕೂರಿಸೋಕೆ ಹೊರಟರೆ ಆ ನಟನ ಬಾಯನ್ನ ಸಾವಿರ ವರ್ಷ ಹಿಂದಕ್ಕೆ ಒಯ್ದ ಹಾಗೆ. ನಾನು ಪುಸ್ತಕ ಓದಿ ಕಲಿತದ್ದಲ್ಲ ಇದು, ಲೂಪ್ ನೋಡಿ ನೋಡಿ ಕಂಡದ್ದು. ಆಮೇಲೆ ಒಬ್ಬ ಮೇಷ್ಟ್ರನ್ನ ಕೇಳಿದಾಗ ಹೌದು ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

— ಬದಲಾಗದೆ ಉಳಿದ ಮಾತು ಒಂದೂ ಇಲ್ಲವಾ?

— ಇದೆ. ಮಸಣದಲ್ಲಿ ಲೋಹಿತಾಶ್ವನ ಶವ ಮಡಿಲಲ್ಲಿಟ್ಟುಕೊಂಡು ಚಂದ್ರಮತಿ ಕೂಗಬೇಕಾದ ಮಾತು. ‘ಮಗನೇ.’ ಕನ್ನಡದಲ್ಲೂ ಅದೇ, ತಮಿಳಲ್ಲೂ ಅದೇ. ತುಟಿ ಮುಚ್ಚೋ ಜಾಗವೂ ಅದೇ. ಕಥೆಯ ಕರುಳು ಇರೋ ಕಡೆ ಡಬ್ಬಿಂಗೇ ಬೇಡ.

— ದೊಡ್ಡಪ್ಪ, ಒಂದು ಮಾತು ಕೇಳಲಾ? ಡಬ್ಬಿಂಗ್ ಕನ್ನಡದಿಂದಲೇ ಶುರುವಾಯಿತು. ಆಮೇಲೆ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ಬಾಗಿಲು ಹಾಕಿಕೊಂಡವರೂ ನಾವೇ. ಇದನ್ನ ಮಕ್ಕಳಿಗೆ ಹೇಗೆ ಹೇಳೋದು?

— ಇದ್ದದ್ದನ್ನ ಇದ್ದ ಹಾಗೆ ಹೇಳು. ಅರವತ್ತರ ದಶಕದಲ್ಲಿ ಬೆಂಗಳೂರಿನ ಟಾಕೀಸುಗಳಲ್ಲಿ ಕನ್ನಡ ಚಿತ್ರಕ್ಕೇ ಜಾಗ ಸಿಗ್ತಿರಲಿಲ್ಲ. ಅ.ನ.ಕೃ. ಅಂಥವರು ಬೀದಿಗಿಳಿದರು. ಡಬ್ ಆದ ಚಿತ್ರ ಬಂದರೆ ನಮ್ಮ ನಟ, ನಮ್ಮ ಸಾಹಿತಿ, ನಮ್ಮ ಲೈಟ್ ಹುಡುಗ ಎಲ್ಲಾ ಮನೆಗೆ ಹೋಗಬೇಕಾಗುತ್ತೆ ಅನ್ನೋ ಭಯ ಸುಳ್ಳಾಗಿರಲಿಲ್ಲ. ನಾನೂ ಆಗ ಅದೇ ಸರಿ ಅಂತಿದ್ದವನು. ಆದರೆ ಅರ್ಧ ಶತಮಾನ ಹಾಗೇ ಮುಂದುವರಿದದ್ದು ಸರಿಯಾಗಲಿಲ್ಲ ಅಂತ ಈಗ ಅನ್ನಿಸುತ್ತೆ. ಪ್ರಪಂಚದ ಕಾರ್ಟೂನು, ವಿಜ್ಞಾನದ ಚಿತ್ರ ಎಲ್ಲಾ ಬೇರೆ ಭಾಷೆಯಲ್ಲಿ ನೋಡಿ ಬೆಳೆದ ಕನ್ನಡದ ಮಕ್ಕಳು ಎಷ್ಟು ಜನ! 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಎರಡೂ ಹೇಳು. ಮಕ್ಕಳು ಸಣ್ಣವರಿರಬಹುದು, ಎರಡು ಮಾತನ್ನ ಒಟ್ಟಿಗೆ ಹಿಡಿಯೋ ಶಕ್ತಿ ಅವರಿಗಿದೆ.

— ಬನ್ನಿ, ನಡೀತಾ ಮಾತಾಡೋಣ. ಬಿಸಿಲು ಇಳಿದಿದೆ. ಕೋಲು ತಗೊಂಡ್ರಾ?

— ತಗೊಂಡೆ. ಪಾರ್ಥಸಾರಥಿ ಗುಡಿ ಬೀದಿಯಲ್ಲಿ ಹೋಗೋಣ, ಹೂವಿನ ಅಂಗಡಿ ಪಕ್ಕ. ಈ ತಿರುವಲ್ಲಿಕ್ಕೇಣಿಯ ಕೃಷ್ಣನಿಗೆ ಮೀಸೆ ಇದೆ, ನೋಡಿದ್ದೀಯಲ್ಲ. ಯುದ್ಧದ ಕೃಷ್ಣ. ಉಡುಪಿಯವನು ಕಡಗೋಲು ಹಿಡಿದ ಮಗು, ಇವನು ಕುರುಕ್ಷೇತ್ರದ ಸಾರಥಿ. ಸರಿ, ಈ ಬೀದಿಗಳಿಗೆ ಸೇರಿದ ಒಂದು ಪ್ರಶ್ನೆ ನಾನು ಕೊಡ್ತೀನಿ. ವಿವೇಕಾನಂದರು ಷಿಕಾಗೋಗೆ ಹೋದ ಹಡಗಿನ ದುಡ್ಡು ಎಲ್ಲಿಂದ ಬಂತು?

— ರಾಜರು ಕೊಟ್ಟರು ಅಂತ ಓದಿದ್ದೆ. ರಾಮನಾಡು, ಖೇತ್ರಿ...

— ರಾಜರ ಹೆಸರು ಎಲ್ಲರ ಬಾಯಲ್ಲೂ ಬರುತ್ತೆ. ಈ ಬೀದಿಗಳಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತಿದ ಒಬ್ಬ ಶಾಲಾ ಮೇಷ್ಟ್ರಿದ್ದರು. ಅಳಸಿಂಗ ಪೆರುಮಾಳ್. ಪಚ್ಚೈಯಪ್ಪ ಶಾಲೆಯಲ್ಲಿ ಕೆಲಸ. ಗೆಳೆಯರನ್ನ ಕೂಡಿಸಿಕೊಂಡು ಗುಮಾಸ್ತರು, ವಕೀಲರು, ಮೇಷ್ಟ್ರುಗಳ ಮನೆ ಬಾಗಿಲಲ್ಲಿ ನಿಂತರು. ಒಂದು ಸಲ ಕೂಡಿಸಿದ ದುಡ್ಡನ್ನ ಬಡವರಿಗೆ ಹಂಚಿಬಿಡಿ ಅಂದರಂತೆ ಸ್ವಾಮೀಜಿ, ಹೋಗೋದು ದೇವರ ಇಚ್ಛೆಯೋ ಅಲ್ಲವೋ ಗೊತ್ತಿಲ್ಲ ಅಂತ. ಆಮೇಲೆ ಮನಸ್ಸು ಗಟ್ಟಿಯಾದಾಗ ಮೇಷ್ಟ್ರು ಮತ್ತೆ ಮೊದಲಿಂದ ಬಾಗಿಲು ತಟ್ಟಿದರು. ಎರಡನೇ ಸಲ ಅದೇ ಬಾಗಿಲಲ್ಲಿ ನಿಂತು ಕೇಳೋದು ಎಷ್ಟು ಕಷ್ಟ ಅಂತ ಯೋಚನೆ ಮಾಡು. 1893ರ ಮೇ 31ಕ್ಕೆ ಬೊಂಬಾಯಿಯಿಂದ ಹಡಗು ಹೊರಟಿತು. ಬೀಳ್ಕೊಡೋಕೆ ಮೇಷ್ಟ್ರು ಅಲ್ಲಿವರೆಗೂ ಹೋಗಿದ್ದರು.

— ಇದರಲ್ಲಿ ಕನ್ನಡ ಎಲ್ಲಿ ಬಂತು?

— ಅವರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, 1865ರಲ್ಲಿ. ಮಂಡಯಂ ಅಯ್ಯಂಗಾರರು.

— ಆದರೆ ಮಂಡಯಂನವರ ಮನೆಮಾತು ತಮಿಳು ಅಲ್ವಾ ದೊಡ್ಡಪ್ಪ? ಅವರನ್ನ ‘ಕನ್ನಡಿಗ’ ಅಂತ ಸಂಘದ ವೇದಿಕೆ ಮೇಲೆ ಹಾಕಿದರೆ ಯಾರಾದರೂ ಎದ್ದು ಕೇಳ್ತಾರೆ.

— ಕೇಳಬೇಕು. ಸರಿಯಾಗೇ ಹಿಡಿದೆ. ಮೇಲುಕೋಟೆ, ಮಂಡ್ಯ ಸೀಮೆಯಲ್ಲಿ ಅವರದು ಒಲೆ ಮುಂದೆ ಒಂದು ಮಾತು, ಜಗುಲಿ ಮೇಲೆ ಇನ್ನೊಂದು. ಆದ್ದರಿಂದ ‘ವಿವೇಕಾನಂದರನ್ನ ಕಳಿಸಿದ ಕನ್ನಡಿಗ ಯಾರು’ ಅಂತ ಕೇಳಬೇಡ. ಹಾಗೆ ಕೇಳಿದರೆ ಬೇಲಿ ಹಾಕಿದ ಹಾಗಾಗುತ್ತೆ. ‘ಚಿಕ್ಕಮಗಳೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಪಾಠ ಹೇಳಿ, ಒಬ್ಬ ಬಂಗಾಳಿ ಸನ್ಯಾಸಿಗಾಗಿ ಮನೆಮನೆ ತಿರುಗಿದ ಮೇಷ್ಟ್ರು ಯಾರು’ ಅಂತ ಕೇಳು. ಅವರ ಕಾಲಿನ ಧೂಳು ಕಾಣಲಿ.

— ಬರ್ಕೊಂಡೆ. ಅಗೋ ಐಸ್ ಹೌಸ್ ಕಾಣ್ತಿದೆ. ಅಲ್ಲೇ ಅಲ್ವಾ ವಿವೇಕಾನಂದರು ವಾಪಸ್ ಬಂದಾಗ ಉಳಿದದ್ದು?

— 1897ರ ಫೆಬ್ರವರಿ, ಒಂಬತ್ತು ದಿನ. ಆ ದುಂಡನೆಯ ಮನೆ ಕಟ್ಟಿದ್ದು ಮಂಜುಗಡ್ಡೆ ಇಡೋಕೆ, 1842ರಲ್ಲಿ. ಬಾಸ್ಟನ್ ಸುತ್ತಮುತ್ತಲಿನ ಕೆರೆ ಹೆಪ್ಪುಗಟ್ಟಿದಾಗ ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, ಹಡಗಿನಲ್ಲಿ ತಿಂಗಳುಗಟ್ಟಲೆ ತಂದು ಇಲ್ಲಿ ಇಳಿಸ್ತಿದ್ದರು. ಐವತ್ತು ವರ್ಷ ಆದ ಮೇಲೆ, ಅಮೆರಿಕದಲ್ಲಿ ದುಡ್ಡು ಕರಗಿಹೋಗಿ, ಚಳಿಗೆ ಬಟ್ಟೆಯೂ ಇಲ್ಲದೆ ವಿವೇಕಾನಂದರು ಅಳಸಿಂಗರಿಗೆ ಕಾಗದ ಬರೆದರಲ್ಲ, ಅದನ್ನ ಬರೆದದ್ದು ಬಾಸ್ಟನ್ನಿನ ಆಚೆ ಇದ್ದ ಒಂದು ತೋಟದ ಮನೆಯಲ್ಲಿ. ಮಂಜುಗಡ್ಡೆ ಬಂದ ದಿಕ್ಕಿನಿಂದಲೇ ಕಾಗದವೂ ಬಂತು.

— ಇದನ್ನ ನಾನೇ ಯಾರಿಗಾದರೂ ಈಗಲೇ ಹೇಳಬೇಕು ಅನ್ನಿಸ್ತಿದೆ.

— ಅನ್ನಿಸಬೇಕು. ರಸ್ತೆ ದಾಟೋಣ, ಕೈ ಹಿಡ್ಕೋ. ಇಲ್ಲಿಂದ ಉತ್ತರಕ್ಕೆ ಹೋದರೆ ವಿಶ್ವವಿದ್ಯಾಲಯ. 1916ರಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬರೋವರೆಗೆ ಮಹಾರಾಜಾ ಕಾಲೇಜಿನವರೂ ಸೆಂಟ್ರಲ್ ಕಾಲೇಜಿನವರೂ ಪದವಿ ಪಡೆದದ್ದು ಇಲ್ಲಿಯದನ್ನೇ. ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅದನ್ನ ತಿದ್ದಿ, ಬೆಳೆಸಿ ನಾಲ್ಕು ಸಂಪುಟ ಮಾಡಿದವರು ಈ ವಿಶ್ವವಿದ್ಯಾಲಯದ ಮರಿಯಪ್ಪ ಭಟ್ಟರು. ಇದೊಂದು ಬರ್ಕೋ.

— ಗೋವಿಂದ ಪೈಗಳದ್ದು ಹಾಕಿದ್ದೀನಿ. ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟ ಸರ್ಕಾರ ಯಾವುದು ಅಂತ.

— 1949, ಮದ್ರಾಸ್ ಸರ್ಕಾರ. ಒಳ್ಳೆಯ ಪ್ರಶ್ನೆ. ಮಂಜೇಶ್ವರ ಆಗ ದಕ್ಷಿಣ ಕನ್ನಡ, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದು. ಅದೇ ಸರ್ಕಾರ ಅದೇ ಕಾಲಕ್ಕೆ ತಮಿಳಿನ ನಾಮಕ್ಕಲ್ ರಾಮಲಿಂಗಂ ಪಿಳ್ಳೈ ಅವರನ್ನೂ ಆಸ್ಥಾನ ಕವಿ ಮಾಡಿತು. 1956ರ ನವೆಂಬರ್ ಒಂದಕ್ಕೆ ಗೆರೆ ಎಳೆದಾಗ ಪೈಗಳ ಊರು ಕೇರಳಕ್ಕೆ ಹೋಯಿತು. ಬಿರುದು ಕೊಟ್ಟದ್ದು ಒಂದು ರಾಜ್ಯ, ಕವಿತೆಯ ಭಾಷೆ ಇನ್ನೊಂದು ರಾಜ್ಯದ್ದು, ಮನೆ ಮೂರನೇ ರಾಜ್ಯದಲ್ಲಿ. ನಾವು ಆಚರಿಸೋ ರಾಜ್ಯೋತ್ಸವದ ದಿನವೇ ಅದು. ಆ ದಿನ ಸಂತೋಷಪಟ್ಟವರ ಜೊತೆಗೆ ಮಂಜೇಶ್ವರ, ಕಾಸರಗೋಡಿನ ಮನೆಗಳ ದುಃಖವೂ ಮಕ್ಕಳಿಗೆ ಒಂದಿಷ್ಟು ತಿಳಿಯಲಿ.

— ರಾಜ್‌ಕುಮಾರ್ ಬಗ್ಗೆ ಒಂದಿದೆ. ಕನ್ನಡದ ಆಚೆ ಅವರು ಮಾಡಿದ ಒಂದೇ ಚಿತ್ರ.

— ತೆಲುಗಿನ ‘ಕಾಳಹಸ್ತಿ ಮಹಾತ್ಮ್ಯಂ’, 1954. ‘ಬೇಡರ ಕಣ್ಣಪ್ಪ’ನ ಕಥೆಯೇ. ಇದು ತುಂಬ ಜನಕ್ಕೆ ಗೊತ್ತು, ಆದರೂ ಇರಲಿ, ಸಣ್ಣ ಮಕ್ಕಳಿಗೆ ಒಂದಾದರೂ ಸುಲಭದ್ದು ಬೇಕು.

— ಇನ್ನೊಂದು, ಡ್ರೈವ್-ಇನ್ ವುಡ್‌ಲ್ಯಾಂಡ್ಸ್.

— ಅದನ್ನ ಹೇಗೆ ಕೇಳ್ತೀಯ?

— ‘ಶಾಸ್ತ್ರೀಯ ಭಾಷೆ ಅನ್ನೋ ಹೆಸರಿನ ಉದ್ಯಾನ ಚೆನ್ನೈನಲ್ಲಿ ಎಲ್ಲಿದೆ, ಅಲ್ಲಿ ಮೊದಲು ಏನಿತ್ತು?’ ಸೆಮ್ಮೊಳಿ ಪೂಂಗಾ, 2010. ಅಲ್ಲಿ ಮೊದಲಿದ್ದದ್ದು ಉಡುಪಿ ಕಡೆಯ ಕೆ. ಕೃಷ್ಣರಾಯರ ಡ್ರೈವ್-ಇನ್, 1962ರಿಂದ 2008ರವರೆಗೆ. ಆ 2008ರಲ್ಲೇ ಕನ್ನಡಕ್ಕೂ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಹೊಂದುತ್ತಲ್ಲ?

— ಹೊಂದುತ್ತೆ. ಇನ್ನೊಂದು ಸೇರಿಸು. ಅಲ್ಲಿಯ ಒಂದು ಮೇಜಿನ ಮುಂದೆ ಪಿ.ಬಿ. ಶ್ರೀನಿವಾಸ್ ಕೂತಿರ್ತಿದ್ದರು. ತಲೆಗೆ ಟೋಪಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು, ಮುಂದೆ ಕಾಗದ. ಎಂಟು ಭಾಷೆಯಲ್ಲಿ ಪದ್ಯ ಬರೀತಿದ್ದರು. ಹುಟ್ಟಿದ್ದು ಕಾಕಿನಾಡದಲ್ಲಿ, ಇದ್ದದ್ದು ಈ ಊರಿನಲ್ಲಿ, ಕರ್ನಾಟಕದ ಜನ ಅವರ ದನಿಯನ್ನ ರಾಜ್‌ಕುಮಾರ್ ದನಿ ಅಂತಲೇ ನಂಬಿದ್ದರು. ಅದೂ ಒಂದು ಬಗೆಯಲ್ಲಿ ಡಬ್ಬಿಂಗೇ ಅಲ್ವೇನಮ್ಮ? ಒಬ್ಬರ ತುಟಿ, ಇನ್ನೊಬ್ಬರ ಉಸಿರು. ಎಷ್ಟು ಹದವಾಗಿ ಹೊಂದಿತು ಅಂದರೆ, 1974ರಲ್ಲಿ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿದ ಮೇಲೂ ಎಷ್ಟೋ ಜನಕ್ಕೆ ಹಳೇ ದನಿಯೇ ಅವರದು ಅನ್ನಿಸ್ತಿತ್ತು. ನನಗೆ ಹಾಗನ್ನಿಸ್ತಿತ್ತು, ಬೇರೆಯವರ ಮಾತು ಯಾಕೆ.

— ಇಲ್ಲಿ ಕೂತ್ಕೊಳ್ಳೋಣ, ಮರಳು ಬೆಚ್ಚಗಿದೆ. ‘ಸಂಸ್ಕಾರ’ ಚಿತ್ರದ ಬಗ್ಗೆ ಒಂದು ಪ್ರಶ್ನೆ ಬೇಕು ಅಂತ ಸಂಘದ ಕಾರ್ಯದರ್ಶಿ ಹೇಳಿದ್ದಾರೆ. ಆದರೆ ಅದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದದ್ದು. ಇಲ್ಲಿಗೇನು?

— ಅದರ ಬೇರು ಈ ಮರಳಲ್ಲೂ ಇದೆ. ಗಿರೀಶ ಕಾರ್ನಾಡರು 1963ರಿಂದ ಏಳು ವರ್ಷ ಈ ಊರಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸದಲ್ಲಿದ್ದರು. ‘ತುಘಲಕ್’ ಅಚ್ಚಾದಾಗ ಅವರ ವಿಳಾಸ ಮದ್ರಾಸು. ಸಂಜೆ ಆದರೆ ಮದ್ರಾಸ್ ಪ್ಲೇಯರ್ಸ್ ಅನ್ನೋ ತಂಡದ ಜೊತೆ ನಾಟಕ, ಅದೂ ಇಂಗ್ಲಿಷಿನಲ್ಲಿ. ಆ ತಂಡ ಕಟ್ಟಿದವರಲ್ಲಿ ಒಬ್ಬರು ಸ್ನೇಹಲತಾ ರೆಡ್ಡಿ. ಅವರ ಗಂಡ ಪಟ್ಟಾಭಿರಾಮ ರೆಡ್ಡಿ, ನೆಲ್ಲೂರಿನವರು, ತೆಲುಗು ಕವಿ. ಅನಂತಮೂರ್ತಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಬರೆದ ಕಾದಂಬರಿಯನ್ನ ಚಿತ್ರ ಮಾಡೋಕೆ ಹೊರಟವರು ಇವರು. ಕಾರ್ನಾಡರು ಪ್ರಾಣೇಶಾಚಾರ್ಯ, ಸ್ನೇಹಲತಾ ಚಂದ್ರಿ, ಲಂಕೇಶ್ ನಾರಣಪ್ಪ. ಕಲಾ ನಿರ್ದೇಶನ ಎಸ್.ಜಿ. ವಾಸುದೇವ್, ಮೈಸೂರಿನವರು, ಈ ಕಡಲ ದಂಡೆಯಲ್ಲೇ ದಕ್ಷಿಣಕ್ಕೆ ಹೋದರೆ ಸಿಗೋ ಚೋಳಮಂಡಲ ಕಲಾವಿದರ ಹಳ್ಳಿಯಲ್ಲಿದ್ದರು. ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಮಲೆನಾಡಿನ ಮಾಧ್ವರ ಅಗ್ರಹಾರದ ಕಥೆ, ಕನ್ನ‌ಡ ಮನೆಮಾತಲ್ಲದ ಇಷ್ಟು ಜನರ ಕೈಯಲ್ಲಿ! ಸೆನ್ಸಾರಿನವರು ಮೊದಲು ತಡೆದರು. ಬಿಟ್ಟ ಮೇಲೆ 1970ರ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ, ಕನ್ನಡಕ್ಕೆ ಮೊದಲನೆಯದು.

— ಸ್ನೇಹಲತಾ ಅವರನ್ನ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದ್ದರಲ್ಲ.

— ಬೆಂಗಳೂರಿನಲ್ಲಿ. ಆಸ್ತಮಾ ಇತ್ತು. ಬಿಟ್ಟ ಮೇಲೆ ಹೆಚ್ಚು ದಿನ ಉಳಿಯಲಿಲ್ಲ, 1977ರ ಜನವರಿ. ಚಂದ್ರಿಯ ಪಾತ್ರದಲ್ಲಿ ಮಾತು ಕಡಿಮೆ, ಕಣ್ಣು ಹೆಚ್ಚು. ಈಗಲೂ ಆ ಚಿತ್ರ ನೋಡಿದರೆ ನಾನು ಆ ಕಣ್ಣನ್ನೇ ನೋಡ್ತೀನಿ. ಕೇಳೋದಾದರೆ ಚಂದ್ರಿಯ ಬಗ್ಗೆ ಕೇಳು, ಪ್ರಶಸ್ತಿಯ ಬಗ್ಗೆ ಬೇಡ.

— ಹದಿನಾಲ್ಕಾಯಿತು. ಒಂದು ಉಳೀತು.

— ಈ ಗಾಳಿ ನೋಡಿದರೆ ನನಗೆ ಯಾವಾಗಲೂ ಒಂದು ಚಿತ್ರ ನೆನಪಾಗುತ್ತೆ. ಸತ್ಯಜಿತ್ ರಾಯ್ ಒಬ್ಬ ನೃತ್ಯಗಾತಿಯ ಮೇಲೆ ಸಣ್ಣ ಚಿತ್ರ ಮಾಡಿದರು, 1976ರಲ್ಲಿ. ‘ಬಾಲಾ’ ಅಂತ.

— ಬಾಲಸರಸ್ವತಿ!

— ವೀಣೆ ಧನಮ್ಮಾಳ್ ಮೊಮ್ಮಗಳು. ರಾಯ್ ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, 1935ರಲ್ಲಿ, ಕಲ್ಕತ್ತೆಯಲ್ಲಿ ಆಕೆಯ ನೃತ್ಯ ನೋಡಿದ್ದರಂತೆ. ನಲವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಬಂದು ಚಿತ್ರ ಮಾಡಿದರು. ಆಗ ಬಾಲಮ್ಮನಿಗೆ ಐವತ್ತೆಂಟರ ಹತ್ತಿರ. ಈ ಬಂಗಾಳ ಕೊಲ್ಲಿಯ ದಂಡೆ ಮೇಲೆ ನಿಲ್ಲಿಸಿದ್ದಾರೆ. ಹಿಂದೆ ಅಲೆ, ಗಾಳಿಗೆ ಸೆರಗು ಹಾರ್ತಿದೆ. ಆಕೆ ಸೆರಗಿನ ಕಡೆ ನೋಡೋದೇ ಇಲ್ಲ. ಯಾವ ಹಾಡಿಗೆ ಅಭಿನಯ ಗೊತ್ತಾ?

— ತಮಿಳು ಪದ ಇರಬೇಕು. ಅಥವಾ ಕ್ಷೇತ್ರಯ್ಯನ ತೆಲುಗು ಪದ.

— ವ್ಯಾಸರಾಯರದು. ಕೃಷ್ಣನನ್ನ ಬೇಗ ಬಾ ಅಂತ ಕರೆಯೋ, ಯಮುನಾ ಕಲ್ಯಾಣಿಯ ಆ ದೇವರನಾಮ.

— ಕನ್ನಡದ್ದಾ? ನಮ್ಮ ಅಜ್ಜಿ ಹೇಳ್ತಿದ್ದದ್ದಾ?

— ನಿನ್ನಜ್ಜಿ ಬೆಳಿಗ್ಗೆ ಹಾಲು ಕಾಯಿಸ್ತಾ ಹೇಳ್ತಿದ್ದದ್ದೇ. ಬನ್ನೂರಿನಲ್ಲಿ ಹುಟ್ಟಿ, ವಿಜಯನಗರದಲ್ಲಿ ಕೃಷ್ಣದೇವರಾಯನ ಗುರುವಾಗಿ ಕೂತ ಯತಿ. ತರ್ಕದ ಗ್ರಂಥಗಳನ್ನ ಸಂಸ್ಕೃತದಲ್ಲಿ ಬರೆದವರು ಮಗುವನ್ನ ಕರೆಯೋಕೆ ಮಾತ್ರ ಕನ್ನಡಕ್ಕೆ ಬಂದರು. ಆ ಕನ್ನಡ ಈ ಮದ್ರಾಸಿನ ದೇವದಾಸಿ ಮನೆತನದ ಕೈಗೆ ಬಂತು. ಬಾಲಮ್ಮ ಹುಡುಗಿಯಾಗಿದ್ದಾಗಲೇ, 1934ರಲ್ಲಿ, ಕಾಶಿಯ ಸಂಗೀತ ಸಮ್ಮೇಳನದಲ್ಲಿ ಇದನ್ನ ಆಡಿ ತೋರಿಸಿದರು. ಅಲ್ಲಿ ಕೂತಿದ್ದವರಲ್ಲಿ ಕನ್ನಡ ಬಲ್ಲವರು ಎಷ್ಟಿದ್ದಾರು? ಕೂಗು ಮಾತ್ರ ಎಲ್ಲರಿಗೂ ತಲುಪಿತು. ಕರೆಯೋದು ಒಂದೇ ಮಾತು. ಆಕೆ ಅದನ್ನ ಬೇಡಿಕೊಂಡು ಕರೀತಾಳೆ, ಗದರಿ ಕರೀತಾಳೆ, ಕಣ್ಣಾಮುಚ್ಚಾಲೆ ಆಡೋ ಹಾಗೆ ಕರೀತಾಳೆ, ಮಗು ಬಾಯಿ ತೆರೆದಾಗ ಒಳಗೆ ಮೂರು ಲೋಕ ಕಂಡು ಬೆಚ್ಚಿದವಳ ಹಾಗೆ ನಿಂತುಬಿಡ್ತಾಳೆ. ಆಮೇಲೆ ಮತ್ತೆ ಬರೀ ತಾಯಿ, ಮತ್ತೆ ಕರೆ.

— ಇರಿ, ಮೊಬೈಲಿನಲ್ಲಿ ಸಿಗುತ್ತೇನೋ ನೋಡ್ತೀನಿ... ಸಿಕ್ಕಿತು. ಗಾಳಿ ಸದ್ದಿಗೆ ಕೇಳಿಸ್ತಿಲ್ಲ ದೊಡ್ಡಪ್ಪ.

— ಕೇಳಿಸದಿದ್ದರೆ ಬೇಡ. ಹಾಗೇ ನೋಡು. ಕೈ ನೋಡು.

— ...ಯಾರನ್ನೋ ಕರೀತಿದ್ದಾಳೆ. ಹತ್ತಿರ ಬರಲ್ಲ ಅಂತಿದ್ದಾನೆ ಅವನು. ಮತ್ತೆ ಕರೀತಿದ್ದಾಳೆ. ದೊಡ್ಡಪ್ಪ, ನಮ್ಮ ಸಂಘದ ಮಕ್ಕಳಲ್ಲಿ ಅರ್ಧ ಜನಕ್ಕೆ ಕನ್ನಡ ಓದೋಕೆ ಬರಲ್ಲ. ಸ್ಕೂಲಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಮನೆಯಲ್ಲಿ ಅಜ್ಜಿ ಇದ್ದರೆ ಮಾತ್ರ ಕನ್ನಡ. ಪ್ರಶ್ನೆ ಓದಿ ಹೇಳಿದರೆ ಎಷ್ಟೋ ಸಲ ಅಮ್ಮನ ಮುಖ ನೋಡ್ತಾರೆ. ಹದಿನೈದನೇ ಪ್ರಶ್ನೆಗೆ ಮಾತೇ ಬೇಡ. ಪರದೆ ಮೇಲೆ ಇದನ್ನ ಹಾಕಿಬಿಡ್ತೀನಿ, ಸದ್ದು ಬಂದ್ ಮಾಡಿ. ‘ಈ ಅಮ್ಮ ಏನು ಹೇಳ್ತಿದ್ದಾರೆ?’ ಅಷ್ಟೇ ಕೇಳೋದು.

— ಕೆಲವು ಮಕ್ಕಳು ‘ವಾ’ ಅಂತಾರೆ.

— ಕೆಲವರು ‘ಬಾ’ ಅಂತಾರೆ. ಅಂಕ ಯಾರಿಗೆ ಕೊಡಲಿ?

— ಇಬ್ಬರಿಗೂ ಕೊಡು. ಪೂರ್ತಿ ಕೊಡು.

— ಸದ್ದು ಯಾವಾಗ ಹಾಕಲಿ?

— ನೀನಾಗಿ ಹಾಕಬೇಡ. ಯಾವುದಾದರೊಂದು ಮಗು ‘ಅಕ್ಕಾ, ಇದರ ಹಾಡು ಹೇಗಿದೆ?’ ಅಂತ ಕೇಳುತ್ತೆ. ಆಗ ಹಾಕು.